ಅಕ್ಕಿಯ ಮೇಲಿನ ಹೆಸರು

ಈಗಲೂ ಬ್ರೆಡ್ಡಿನಿಂದ ಶಾಹಿಜೀರಿಗೆಯ ಘಮ ಬಂದರೆ ಟೆಕ್ಸಸ್‌ನ ಕೇಟಿ ಊರಿನಲ್ಲಿದ್ದ ನಮ್ಮ ಮನೆಯ ಆ ಮಧ್ಯಾಹ್ನ ಕಣ್ಣ ಮುಂದೆ ಬರುತ್ತದೆ.

ಪಕ್ಕದ ಮನೆಯ ಹಿಲ್ಡಾ ಆಂಟಿ ಬಿಸಿ ಬ್ರೆಡ್ ಹಿಡಿದು ಬಂದಿದ್ದರು. ಅವರ ಹಿರಿಯರು ಜರ್ಮನಿಯಿಂದ ಹಡಗು ಹತ್ತಿ ಟೆಕ್ಸಸ್‌ಗೆ ಬಂದವರು. ತಮ್ಮ ವಂಶವೃಕ್ಷಕ್ಕಾಗಿ ಆಂಟಿ ನಡೆಸಿದ್ದ ಹುಡುಕಾಟ ಅವರ ಮುತ್ತಜ್ಜಿಯ ಹತ್ತಿರ ಬಂದು ನಿಂತುಹೋಗಿತ್ತು. ಮದುವೆಯ ನಂತರದ ಹೆಸರಷ್ಟೇ ಸಿಕ್ಕಿತ್ತು. ತವರಿನ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಧಾರವಾಡದಿಂದ ಬಂದಿದ್ದ ಅಜ್ಜಿ ತಟ್ಟೆಯಲ್ಲಿ ಅಕ್ಕಿ ಹಸನು ಮಾಡುತ್ತಾ ಅವರನ್ನು ಓರೆಗಣ್ಣಿನಿಂದ ನೋಡಿದಳು.

"ಸತ್ತವರ ಹೆಸರು ಈಕಿಗ್ಯಾಕ ಬೇಕಂತ? ಯಾವುದೋ ಆಸ್ತಿ ಮ್ಯಾಲ ಕಣ್ಣಿರಬೇಕು. ಆ ಬ್ರೆಡ್ಡಿನಾಗ ತತ್ತಿ ಹಾಕ್ಯಾಳೇನು ಕೇಳು ಮೊದಲ."

ಅಮ್ಮ ನಕ್ಕಳು. "ಹಂಗೇನಿಲ್ರೀ ಅತ್ಯಾರ. ಮದುವ್ಯಾಗ ನಿಮ್ಮ ಹೆಸರೂ ಬದಲಿಸಿದ್ರೇನು ಅಂತ ಕೇಳ್ಲಿಕತ್ತಾರ."

"ಬದಲಿಸದ ಬಿಡ್ತಾರೇನು? ನಿಮ್ಮ ಮಾವ ಉಂಗುರ ಹಿಡದು ಅಕ್ಕಿ ಮ್ಯಾಲ ಹೊಸಾ ಹೆಸರು ಬರದ್ರು, ಮುಗೀತು. ಹಳೇದು ಈಕಿಗ್ಯಾಕ?"

ಅಮ್ಮ ಚಹಾ ಮಾಡಲು ಒಳಗೆ ಹೋದಳು. ಅಜ್ಜಿ ಅಡುಗೆಮನೆಯತ್ತ ನೋಡಿದಳು, ಅಜ್ಜ ಮಲಗಿದ್ದ ಕೋಣೆಯತ್ತಲೂ ನೋಡಿದಳು. ಆಮೇಲೆ ಅಂಗೈಯಿಂದ ಅಕ್ಕಿಯನ್ನು ಸಮ ಮಾಡಿ, ಬೆರಳಿನಿಂದ ನಿಧಾನವಾಗಿ ಏನೋ ಬರೆದು, ತಟ್ಟೆಯನ್ನು ಹಿಲ್ಡಾ ಆಂಟಿಯ ಕಡೆಗೆ ತಿರುಗಿಸಿದಳು.

ಆಂಟಿ ಬಹಳ ಹೊತ್ತು ನೋಡಿ ತಲೆಯಾಡಿಸಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆಗ ನನಗೂ ಬರುತ್ತಿರಲಿಲ್ಲ.

ಅಮ್ಮನ ಹೆಜ್ಜೆ ಸಪ್ಪಳ ಕೇಳಿದ್ದೇ ತಡ, ಅಜ್ಜಿ ತಟ್ಟೆಯನ್ನು ಒಮ್ಮೆ ಅಲುಗಿಸಿ ಮತ್ತೆ ಕಲ್ಲು ಹುಡುಕತೊಡಗಿದಳು.