ಎರಡನೆಯ ಆಂಪ್ಲಿಫೈಯರ್

ಹೊಸ ಆಂಪ್ಲಿಫೈಯರ್ ಕೂಡ ಉಸಿರೆತ್ತಲಿಲ್ಲ. ರೋಹಿಣಿ ಸ್ಟೀರಿಯೋದ ವಾಲ್ಯೂಮನ್ನು ಕೊನೆಯತನಕ ತಿರುಗಿಸಿದಳು. ಪರದೆಯ ಮೇಲೆ ಹಾಡಿನ ಹೆಸರು ಓಡುತ್ತಿತ್ತು. ಜೀಪಿನ ಹಿಂದಿನ ಎರಡು ದೊಡ್ಡ ಸ್ಪೀಕರುಗಳು ಸುಮ್ಮನಿದ್ದವು.

“ಇದೂ ಸುಟ್ಟು ಹೋತು ಬಿಡು,” ಅಂದ ಮಾಳಿಂಗರಾಯ.

ಜೀಪು ಅವನದು. ಮರುದಿನ ಮದುವೆಯ ಬಾಡಿಗೆಯಿತ್ತು. ಸೌಂಡ್ ಇಲ್ಲದ ಗಾಡಿಯನ್ನು ಮದುವೆಗೆ ಯಾರೂ ಕೇಳುವುದಿಲ್ಲ. ಹಳೆಯ ಆಂಪ್ಲಿಫೈಯರ್ ಅಮಾವಾಸ್ಯೆಯ ಮರುದಿನದಿಂದ ಮೂಕವಾಗಿತ್ತು. ಅದು ಸುಟ್ಟುಹೋಗಿದೆ ಎಂದು ತಾನೇ ತೀರ್ಮಾನಿಸಿ, ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಹೊಸದು ತಂದಿದ್ದ. ಕೂರಿಸುವುದಷ್ಟೇ ರೋಹಿಣಿಯ ಕೆಲಸ. ಕೂರಿಸಿದ್ದಳು. ಈಗ ಅದೂ ಸತ್ತಿತ್ತು, ಅದೂ ಅವಳ ಕೈಯಲ್ಲಿ.

ಅವನು ಹುಬ್ಬಳ್ಳಿಯ ಅಂಗಡಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದ. ಯಾರು ಕೂರಿಸಿದರು ಎಂದು ಅತ್ತಲಿನವನು ಕೇಳಿದ. ಗುಡಗೇರಿಯ ಒಬ್ಬ ಹುಡುಗಿ ಎಂದಾಗ ನಕ್ಕು, ಹಾಗಾದರೆ ಅವಳನ್ನೇ ಕೇಳಿರಿ, ನಾವು ವಾಪಸ್ ತಗೊಳ್ಳುವುದಿಲ್ಲ ಎಂದ. ಪಕ್ಕದ ಚಹಾದಂಗಡಿಯವರೂ ನಕ್ಕರು. ಸ್ಟೇಷನ್ ರಸ್ತೆಯಲ್ಲಿ ರೋಹಿಣಿಯ ಅಂಗಡಿ ತೆರೆದು ನಲವತ್ತು ದಿನವಾಗಿತ್ತು. ಬಂದವರು ಇನ್ನೂ ಮೇಸ್ತ್ರಿ ಎಲ್ಲಿ ಹೋಗಿದ್ದಾನೆ ಎಂದೇ ಕೇಳುತ್ತಿದ್ದರು. ಈ ಜೀಪು ಹೀಗೇ ಮೂಕವಾಗಿ ಹೊರಟರೆ, ಸಂತೆಯ ದಿನದ ಹೊತ್ತಿಗೆ ಸುದ್ದಿ ಹತ್ತು ಊರು ಮುಟ್ಟುತ್ತದೆ. ಆಮೇಲೆ ಮೇಸ್ತ್ರಿಯನ್ನು ಕೇಳುವವರೂ ಬರುವುದಿಲ್ಲ.

“ಹೊಸಾದರ ರೊಕ್ಕ ನೀನ ತುಂಬಿಕೊಡಬೇಕು, ನೋಡು,” ಅಂದ ಮಾಳಿಂಗರಾಯ.

“ಕೊಡತೀನ್ರಿ. ಮೊದಲ ಸುಟ್ಟೈತೋ ಇಲ್ಲೋ ಗೊತ್ತಾಗಲಿ. ಚಾವಿ ಕೊಡ್ರಿ ಇಲ್ಲಿ.”

ಚಾವಿಯನ್ನು ಜೇಬಿಗೆ ಹಾಕಿಕೊಂಡಳು. ಮಾಳಿಂಗರಾಯನ ತಾಯಿ ರೇಣುಕವ್ವ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕುಳಿತು, ಸೊಂಟದಲ್ಲಿದ್ದ, ದೇವರ ಅರಿಶಿನ ತುಂಬಿದ ಭಂಡಾರದ ಚೀಲವನ್ನು ಸರಿಮಾಡಿಕೊಳ್ಳುತ್ತ ಎಲ್ಲವನ್ನೂ ನೋಡುತ್ತಿದ್ದಳು.

ರೋಹಿಣಿ ಗೋಡೆ ಗಡಿಯಾರದ ಸೆಲ್ ಬಿಚ್ಚಿ ಸ್ಪೀಕರಿನ ವೈರಿಗೆ ತಾಗಿಸಿದಳು. ಟಪ್ ಎಂದಿತು. ಎರಡನೆಯದೂ ಟಪ್ ಎಂದಿತು. ಸ್ಪೀಕರುಗಳು ಸರಿಯಿವೆ. ಆಂಪ್ಲಿಫೈಯರಿಗೆ ಬರುವ ಕೆಂಪು ವೈರಿಗೆ ಮೀಟರ್ ಹಿಡಿದಳು: ಹನ್ನೆರಡು ವೋಲ್ಟ್. ಚಾವಿ ತಿರುಗಿಸಿ ನೋಡಿದಾಗ ಸ್ಟೀರಿಯೋದಿಂದ ಬರುವ ಸಣ್ಣ ವೈರಿನಲ್ಲೂ ಹನ್ನೆರಡು. ಅರ್ಥಿಂಗ್ ಬೋಲ್ಟನ್ನು ಬಿಚ್ಚಿ, ಕೆರೆದು, ಮತ್ತೆ ಬಿಗಿದಳು. ಆಂಪ್ಲಿಫೈಯರಿನ ಪುಟ್ಟ ದೀಪ ಒಮ್ಮೆ ಮಿಣುಕಿ ಆರಿತು. ಎಲ್ಲ ಸರಿಯಿದೆ, ಸದ್ದು ಮಾತ್ರ ಇಲ್ಲ. ಮಾಳಿಂಗರಾಯ ಗಡಿಯಾರ ನೋಡಿದ. ಅದು ನಿಂತಿತ್ತು.

ಅವಳು ಒಳಗಿನಿಂದ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ತಂದು ಬ್ಯಾಟರಿಗೆ ಹಿಡಿದಳು. ಭಗ್ಗನೆ ಹತ್ತಿತು. ಆಂಪ್ಲಿಫೈಯರನ್ನು ಬಿಚ್ಚಿ ಅದರ ಜಾಗದಲ್ಲಿ ಅದೇ ಬಲ್ಬನ್ನು ಕಟ್ಟಿದಳು. ಹತ್ತಲಿಲ್ಲ. ಮೀಟರಿನ ಹನ್ನೆರಡು ಒಂದಕ್ಕೆ ಇಳಿಯಿತು.

“ಬರೇ ಮೀಟರ್ ಹಿಡಿದ್ರ ಕರೆಂಟ್ ಬಂದಂಗ ಕಾಣತೈತಿ. ಭಾರ ಹೇರಿದ್ರ ಕುಂತು ಬಿಡತೈತಿ,” ಅಂದಳು. “ನಡುವ ಎಲ್ಲೋ ಏನೋ ಅಡ್ಡ ಹಿಡದೈತಿ.”

ಬಾನೆಟ್ ಎತ್ತಿದಳು. ಅಮಾವಾಸ್ಯೆಯ ಪೂಜೆಯ ಭಂಡಾರ ಇಂಜಿನ್ನಿನ ಮೇಲೆಲ್ಲ ಹರಡಿತ್ತು; ಈ ಕಡೆಯ ಗಾಡಿಗಳಲ್ಲಿ ಅದೇನು ಹೊಸದಲ್ಲ. ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ, ಕೆಂಪು ವೈರಿನ ನಡುವೆ, ಫ್ಯೂಸ್ ಇರುವ ಕಪ್ಪು ನಳಿಕೆಯಿತ್ತು. ಅದರ ಮುಚ್ಚಳ ತಿರುಗಿಸಿದಳು. ಒಳಗೆಲ್ಲ ಹಳದಿ. ಗಾಜಿನ ಫ್ಯೂಸ್ ಗಟ್ಟಿಯಾಗಿಯೇ ಇತ್ತು. ಅದರ ಎರಡೂ ತುದಿಗೆ ಎಣ್ಣೆ ಕಲಸಿದ ಅರಿಶಿನ ಮೆತ್ತಿಕೊಂಡು ಒಣಗಿತ್ತು.

“ಇದರಾಗ ಭಂಡಾರ ಯಾರ ತುಂಬ್ಯಾರ?” ಎಂದ ಮಾಳಿಂಗರಾಯ.

“ನಾನ,” ರೇಣುಕವ್ವ ಕಲ್ಲಿನಿಂದ ಎದ್ದಳು. “ಹಳೇ ಸೌಂಡಿನ ಪೆಟ್ಟಿಗಿ ಕೂಡಿಸಿದಾಂವ ಅವತ್ತ ಏನಂದ? ಸೌಂಡಿನ ಜೀವ ಇದರಾಗ ಐತಿ, ಇದು ಹೋದ್ರ ಎಲ್ಲಾ ಹೋತು ಅಂದ. ಜೀವಕ್ಕ ಹಚ್ಚೂದು ಬಿಟ್ಟು ಬರೇ ಗಾಲಿಗೆ ಹಚ್ಚಿದ್ರ ಏನ್ ಬಂತು? ನೀ ಕಾಯಿ ತರಾಕ ಹೋದಾಗ ತಿರುವಿ ತೆಗದು ಹಚ್ಚಿದೆ.”

“ಏನ್ ಬೇ ಯವ್ವಾ ನೀನು—”

“ಅವರಿಗೆ ಯಾಕ ಬೈತೀರಿ?” ರೋಹಿಣಿ ಫ್ಯೂಸಿನಿಂದ ಕಣ್ಣೆತ್ತಲಿಲ್ಲ. “ಹಳೇದು ಯಾಕ ನಿಂತೈತಿ ಅಂತ ನೀವೂ ನೋಡಲಿಲ್ಲ, ನಾನೂ ನೋಡಲಿಲ್ಲ. ನೀವು ತಂದ್ರಿ, ನಾನು ಕೂಡಿಸಿದೆ.”

ಫ್ಯೂಸನ್ನು ಪೆಟ್ರೋಲ್ ಅದ್ದಿದ ಬಟ್ಟೆಯಿಂದ ಒರೆಸಿ, ಪಾಲಿಶ್ ಪೇಪರಿನಿಂದ ಎರಡೂ ತುದಿ ತಿಕ್ಕಿದಳು. ಅದನ್ನು ಮತ್ತೆ ನಳಿಕೆಯಲ್ಲಿ ಕೂರಿಸಿದಾಗ ಬಲ್ಬು ಹತ್ತಿತು. ಹೊಸ ಆಂಪ್ಲಿಫೈಯರನ್ನು ಜೋಡಿಸಿ ಚಾವಿ ತಿರುಗಿಸಿದಳು. ವಾಲ್ಯೂಮ್ ಇನ್ನೂ ಕೊನೆಯಲ್ಲೇ ಇತ್ತು. ಚಹಾದಂಗಡಿಯ ಬೆಂಚಿನ ಕೆಳಗೆ ಮಲಗಿದ್ದ ನಾಯಿ ಎದ್ದು ಸ್ಟೇಷನ್ನಿನ ಕಡೆ ಓಡಿತು. ಮೊದಲು ನಕ್ಕವರು ಕಿವಿ ಮುಚ್ಚಿಕೊಂಡರು. ಅವಳು ಅಲ್ಲಿಗೆ ಬಿಡಲಿಲ್ಲ. ಹೊಸದನ್ನು ಬಿಚ್ಚಿ ಹಳೆಯದನ್ನು ಕಟ್ಟಿದಳು. ಅದೂ ಅಷ್ಟೇ ಜೋರಾಗಿ ಹಾಡಿತು.

ಮಾಳಿಂಗರಾಯ ಹೊಸದನ್ನು ಡಬ್ಬಿಗೆ ತುಂಬಿ ಮತ್ತೆ ಹುಬ್ಬಳ್ಳಿಗೆ ಫೋನ್ ಹಚ್ಚಿದ. ಈ ಸಲ ಸ್ಪೀಕರ್ ಒತ್ತದೆ, ದೂರ ಹೋಗಿ ಮೆಲ್ಲಗೆ ಮಾತಾಡಿದ.

ರೇಣುಕವ್ವ ಅಂಗಡಿಯೊಳಗೆ ಬಂದು ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದಳು. “ನಿನ್ನ ಅಂಗಡಿ ಜೀವ ಎಲ್ಲೈತಿ ತಂಗಿ?” ಎಂದು ಕೇಳುತ್ತಲೇ ಗೋಡೆಯ ಮೇಲಿನ ಮೇನ್ ಸ್ವಿಚ್ಚಿನ ಕಡೆ ಹೊರಟಳು. ರೋಹಿಣಿ ಅಡ್ಡ ನಿಂತು ತನ್ನ ಬಲಗೈ ಚಾಚಿದಳು. ಮುದುಕಿ ಗ್ರೀಸು ಮೆತ್ತಿದ ಆ ಬೆರಳುಗಳಿಗೆ ಒಂದೊಂದಾಗಿ, ಒತ್ತಿ ಒತ್ತಿ ಹಚ್ಚಿದಳು.

ಜೀಪು ಹಾಡುತ್ತ ರೈಲ್ವೆ ಗೇಟು ದಾಟಿತು. ಟ್ರ್ಯಾಕ್ಟರಿನವನೊಬ್ಬ ಬಂದು, ಮೇಸ್ತ್ರಿಯನ್ನು ಕೇಳದೆ, ತನ್ನ ಹೆಡ್‌ಲೈಟ್ ಹತ್ತುತ್ತಿಲ್ಲ ಎಂದ. ರೋಹಿಣಿ ಅದರ ವೈರು ಮುಟ್ಟುವ ಮೊದಲು ಪೆಟ್ರೋಲ್ ಬಟ್ಟೆ ಎಳೆದುಕೊಂಡು, ಭಂಡಾರ ಮೆತ್ತಿದ ಐದೂ ಬೆರಳನ್ನು ಸ್ವಚ್ಛವಾಗಿ ಒರೆಸಿಕೊಂಡಳು.