ಅಧ್ಯಕ್ಷರನ್ನು ಮಲಗಿಸಿದ್ದು

“ನಮ್ಮ ಅಧ್ಯಕ್ಷರನ್ನ ಯಾಕೆ ಮಲಗಿಸಿದಿರಿ?”

ಬೆಳಿಗ್ಗೆ ಬಾಗಿಲು ತೆಗೆದ ರಾಜಲಕ್ಷ್ಮಿಯನ್ನು ಪಕ್ಕದ ಮನೆಯ ದಿನಾರಾ ಕೇಳಿದ ಮೊದಲ ಮಾತು ಇದು. ದಿನಾರಾಳ ಕಾಲಲ್ಲಿ ಚಪ್ಪಲಿಯಿರಲಿಲ್ಲ. ಕೈಯಲ್ಲಿ ಫೋನು ಹಿಡಿದೇ ಬಂದಿದ್ದಳು.

ಕಡಲಾಚೆಯ ಫುಲ್‌ಶೀರ್ ಎಂಬ ಊರಿನ ಆ ಬೀದಿಯಲ್ಲಿ ದಸರೆಗೆ ಗೊಂಬೆ ಕೂರಿಸುವುದು ರಾಜಲಕ್ಷ್ಮಿಯ ಮನೆಯಲ್ಲಿ ಮಾತ್ರ. ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಬೇಕೆಂಬುದು ಅವಳ ಮೈಸೂರಿನ ಅಜ್ಜಿಯ ಪದ್ಧತಿ. ಈ ಸಲದ ಹೊಸ ಗೊಂಬೆಯನ್ನು ತಂದವಳು ದಿನಾರಾ. ಗೇಣುದ್ದದ ಪಿಂಗಾಣಿ ಮನುಷ್ಯ, ಕರಿ ಸೂಟು, ಮೇಲೆತ್ತಿದ ಬಲಗೈ. ಅವಳ ದೇಶದ ಅಧ್ಯಕ್ಷರಂತೆ. “ಮದುವೆ ಆದವರಿಗೆಲ್ಲ ಸರ್ಕಾರ ಕೊಡುತ್ತೆ. ನನ್ನ ಹತ್ರ ಇರೋ ಗೊಂಬೆ ಇದೊಂದೇ,” ಎಂದು ನಾಚಿಕೊಂಡೇ ಕೊಟ್ಟಿದ್ದಳು. ರಾಜಲಕ್ಷ್ಮಿ ಅವರನ್ನು ಪಟ್ಟದ ಗೊಂಬೆಗಳ ಪಕ್ಕದಲ್ಲೇ ನಿಲ್ಲಿಸಿದ್ದಳು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ರಾಜ ರಾಣಿಯ ಜೊತೆಗೆ ಅವರಿಗೂ ಆರತಿ ಎತ್ತಿ ಹೋಗಿದ್ದರು.

ವಿಜಯದಶಮಿಯ ಪೂಜೆಯಾದ ಮೇಲೆ ಪಟ್ಟದ ಗೊಂಬೆಗಳನ್ನು ಮಲಗಿಸಿದರೆ ಹಬ್ಬ ಮುಗಿದ ಹಾಗೆ. ರಾಜ, ರಾಣಿ, ಪಕ್ಕಕ್ಕೆ ಅಧ್ಯಕ್ಷರು. ಮೂವರಿಗೂ ಎದೆಯವರೆಗೆ ವಸ್ತ್ರ ಹೊದಿಸಿ, ಒಂದೊಂದು ಸೇವಂತಿಗೆ ಇಟ್ಟು, ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕಿ ರಾಜಲಕ್ಷ್ಮಿ ಬಂದವರನ್ನೆಲ್ಲ ಟ್ಯಾಗ್ ಮಾಡಿದ್ದಳು. ಒಬ್ಬರನ್ನು ಬಿಟ್ಟರೂ ಆಮೇಲೆ ಅವರ ಮುನಿಸು ಯಾರು ಕಟ್ಟಿಕೊಳ್ಳುತ್ತಾರೆ?

“ಹಬ್ಬದಲ್ಲಿ ನಿಂತು ದಣಿದಿರ್ತಾರೆ, ಮಲಗಲಿ ಅಂತ. ನಮ್ಮ ಸಂಪ್ರದಾಯ,” ಎಂದಳು ರಾಜಲಕ್ಷ್ಮಿ.

“ನಮ್ಮಲ್ಲಿ ಹೂವಿಟ್ಟು ಮಲಗಿಸೋದು ಸತ್ತವರನ್ನ,” ದಿನಾರಾಳ ದನಿ ಒಡೆಯಿತು. “ಟ್ಯಾಗ್ ಮಾಡಿದ್ರಲ್ಲ, ನಮ್ಮ ದೇಶದಲ್ಲಿರೋ ನನ್ನ ತಮ್ಮನಿಗೂ ಕಾಣಿಸಿದೆ. ನನ್ನ ಹೆಸರಿದ್ದರೆ ಸಾಕು, ಏನು ಎತ್ತ ನೋಡದೆ ಲೈಕ್ ಒತ್ತುತ್ತಾನೆ ಅವನು. ಮಧ್ಯಾಹ್ನ ಪೊಲೀಸರು ಬಂದು ಕರ್ಕೊಂಡು ಹೋದರಂತೆ. ಈಗ ಅಲ್ಲಿ ಕತ್ತಲಾಗಿದೆ. ಇನ್ನೂ ಬಿಟ್ಟಿಲ್ಲ.”

ರಾಜಲಕ್ಷ್ಮಿ ತನ್ನ ಫೋನಿಗೆ ಕೈಹಾಕಿದಳು. “ತಡೀರಿ, ಈಗಲೇ ಡಿಲೀಟ್ ಮಾಡ್ತೀನಿ.”

“ಬೇಡ ಬೇಡ! ಅಳಿಸಿದರೆ ತಪ್ಪು ಒಪ್ಪಿಕೊಂಡ ಹಾಗೆ. ಅಧ್ಯಕ್ಷರು ಎದ್ದು ನಿಂತಿರೋ ಫೋಟೊ ಹಾಕಬೇಕಂತೆ. ನಿಮ್ಮ ಪೇಜಿನಲ್ಲೇ.”

“ಸುಮ್ನೆ ನಿದ್ದೆ ಮಾಡ್ತಿದ್ದಾರೆ ಅಂತ ಹೇಳಿದ್ರೆ ಆಗಲ್ವಾ?” ಇಂಥ ಹೊತ್ತಿನಲ್ಲೂ ಕೇಳದೆ ಇರುವುದು ರಾಜಲಕ್ಷ್ಮಿಗೆ ಬಾರದು.

“ಅವರು ನಿದ್ದೆ ಮಾಡೋದಿಲ್ಲ. ಜನಕ್ಕೋಸ್ಕರ ರಾತ್ರಿಯೆಲ್ಲ ಎಚ್ಚರ ಇರ್ತಾರೆ ಅಂತ ನಮಗೆ ಒಂದನೇ ಕ್ಲಾಸಲ್ಲೇ ಪಾಠ.”

ಎನರ್ಜಿ ಕಾರಿಡಾರ್ ಬಡಾವಣೆಯ ಆಫೀಸಿಗೆ ಹೊರಟಿದ್ದ ಗಂಡ ಜಯಂತನೂ ಶೂ ಬಿಚ್ಚಿ ಬಂದ. ಮೂವರೂ ಅಧ್ಯಕ್ಷರನ್ನು ಎತ್ತಿಕೊಂಡು ಮನೆಯೆಲ್ಲ ಜಾಗ ಹುಡುಕಿದರು. ಅಡುಗೆಮನೆಯ ಕಟ್ಟೆಯ ಮೇಲಿಟ್ಟರೆ ಹಿಂದೆ ಕುಕ್ಕರ್. ಪುಸ್ತಕದ ಕಪಾಟಿನಲ್ಲಿ ಯಾವ ಪುಸ್ತಕದಿಂದ ಏನು ತೊಂದರೆಯೋ. “ದೇವರ ಮನೆ ಚೆನ್ನಾಗಿದೆಯಲ್ಲ?” ಎಂದ ಜಯಂತ.

“ಅದೊಂದು ಆಗಲ್ಲ ರೀ,” ಎಂದಳು ರಾಜಲಕ್ಷ್ಮಿ.

“ಅಲ್ಲಿ ದೇವರು ಅವರಿಗಿಂತ ಎತ್ತರದಲ್ಲಿದ್ದಾರೆ. ಅದಕ್ಕೂ ಕೇಳ್ತಾರೆ,” ಎಂದಳು ದಿನಾರಾ. ಅವಳು ತಮಾಷೆ ಮಾಡುತ್ತಿರಲಿಲ್ಲ.

ಕೊನೆಗೆ, ಒಂದು ದಿನವೂ ಬೆಂಕಿ ಕಾಣದ ಫೈರ್‌ಪ್ಲೇಸಿನ ಮೇಲೆ ನಿಲ್ಲಿಸಿ ಫೋಟೊ ತೆಗೆದರು. ರಾಜಲಕ್ಷ್ಮಿ ಎರಡು ಸಾಲು ಬರೆಯಹೊರಟರೆ ಜಯಂತ ಕೈ ಹಿಡಿದ. “ಏನೂ ಬರೀಬೇಡ. ಒಂದು ಸ್ಮೈಲಿ ಹಾಕಿದ್ರೂ ಯಾಕೆ ನಕ್ಕಿರಿ ಅಂತಾರೆ.” ತನ್ನ ಮನೆಯಲ್ಲಿ, ತನ್ನ ಫೋನಿನಲ್ಲಿ ಒಂದು ನಗೆ ಹಾಕಲೂ ಹೆದರಬೇಕಾಯಿತಲ್ಲ ಎಂದು ಅವಳಿಗೆ ಸಿಟ್ಟೇ ಬಂತು. ಆದರೂ ಬರೀ ಫೋಟೊ ಹಾಕಿದಳು.

ಹಾಕಿದ ಕೂಡಲೇ ಪಕ್ಕದೂರು ಕೇಟಿಯ ಸುಶೀಲಮ್ಮ ಕಮೆಂಟ್ ಬರೆದರು: “ಸಾಹೇಬ್ರು ಎದ್ರಾ? ಕಾಫಿ ಆಯ್ತಾ?”

ಓದಿ ಮುಗಿಸುವಷ್ಟರಲ್ಲಿ ರಾಜಲಕ್ಷ್ಮಿಯ ಬೆರಳು ತಾನಾಗಿಯೇ ಅದನ್ನು ಅಳಿಸಿತ್ತು. ಹಿರಿಯರು ಪ್ರೀತಿಯಿಂದ ಆಡಿದ ಮಾತು. ಯಾರೂ ಅಳಿಸು ಎಂದು ಹೇಳಿರಲಿಲ್ಲ. ಅವಳು ತನ್ನ ಬೆರಳನ್ನೇ ಸ್ವಲ್ಪ ಹೊತ್ತು ನೋಡಿದಳು.

ಕಾಫಿ ಲೋಟ ಮುಟ್ಟದೆ ಕೂತಿದ್ದ ದಿನಾರಾಳ ಫೋನು ಬಡಿದುಕೊಂಡಾಗ ಹನ್ನೊಂದು ದಾಟಿತ್ತು. ಅವಳ ಭಾಷೆ ರಾಜಲಕ್ಷ್ಮಿಗೆ ಬಾರದು. ಆದರೆ ಅಳು ಯಾವ ಬಗೆಯದೆಂದು ತಿಳಿಯಿತು. ಅವಳ ತಮ್ಮ ಮನೆ ಸೇರಿದ್ದ.

“ಸದ್ಯ!” ಎಂದು ನಿಟ್ಟುಸಿರುಬಿಟ್ಟ ರಾಜಲಕ್ಷ್ಮಿ ಅಧ್ಯಕ್ಷರನ್ನು ಮತ್ತೆ ವಸ್ತ್ರ ಹೊದಿಸಿ ಮಲಗಿಸಲು ಎದ್ದಳು. ದಿನಾರಾ ಅವಳ ಕೈ ಹಿಡಿದಳು. “ಬೇಡ. ಇನ್ನು ಮೇಲೆ ಆಗಾಗ ಫೋಟೊ ಕೇಳ್ತಾರಂತೆ. ನಿಂತೇ ಇರಲಿ.”

ಆಚೆ ಗೊಂಬೆ ಕೂರಿಸಿದ ಮೆಟ್ಟಿಲ ಮೇಲೆ ರಾಜ ರಾಣಿ ಸೇವಂತಿಗೆ ಹೊತ್ತು ಹಾಯಾಗಿ ಮಲಗಿದ್ದರು. ಅಧ್ಯಕ್ಷರೊಬ್ಬರೇ ಕೈ ಎತ್ತಿ ನಿಂತಿದ್ದರು.

“ಪಾಪ,” ಎಂದಳು ರಾಜಲಕ್ಷ್ಮಿ. ಅವಳ ಮರುಕ ನಿಜವಾದದ್ದೇ. “ಎಷ್ಟು ದಿನ ಅಂತ ಹೀಗೇ ನಿಲ್ತಾರೆ? ಯಾವತ್ತಾದರೂ ಮಲಗಲೇಬೇಕಲ್ವಾ?”

ದಿನಾರಾ ತನ್ನ ಫೋನನ್ನು ಆಫ್ ಮಾಡಿದಳು. ರಾಜಲಕ್ಷ್ಮಿಯ ಫೋನನ್ನೂ ಕೇಳಿ ತೆಗೆದುಕೊಂಡು ಆಫ್ ಮಾಡಿದಳು. ಎರಡನ್ನೂ ಸೋಫಾದ ದಿಂಬಿನಡಿ ತುರುಕಿ, ಅದರ ಮೇಲೆ ತಾನೇ ಕೂತಳು.

“ನಾವೆಲ್ಲ ಅದನ್ನೇ ಕಾಯ್ತಾ ಇದ್ದೀವಿ,” ಎಂದಳು.