ಎರಡನೆಯ ಔಷಧಿ

ಹುಬ್ಬಳ್ಳಿಯ ಹೃದಯ ಕೇಂದ್ರದಲ್ಲಿ ಎರಡನೆಯ ಔಷಧಿಯನ್ನು ಮನೆಯವರ ಕೈಯಿಂದಲೇ ಹಾಕಿಸುವುದು ರೂಢಿ. ಚನ್ನವೀರಪ್ಪನವರ ರಕ್ತದಿಂದ ಬೆಳೆಸಿದ ಜೀವಕೋಶಗಳು ತಟ್ಟೆಯಲ್ಲಿದ್ದವು. ಮೊದಲ ಔಷಧಿ ಅವನ್ನು ಎಬ್ಬಿಸಿತ್ತು. ಎರಡನೆಯದು ಹೊತ್ತಿಗೆ ಸರಿಯಾಗಿ ಬಿದ್ದರೆ ಮಾತ್ರ ಅವು ಹೃದಯದ ಕೋಶಗಳಾಗುತ್ತವೆ. ಸೋತುಹೋದ ಅವರ ಹೃದಯಕ್ಕೆ ಹಾಕಲು ಬೇರೆ ತೇಪೆ ಇರಲಿಲ್ಲ.

"ಹಾಕ್ರೀ ಅವ್ವಾರ," ಎಂದು ಕೇಂದ್ರದ ತಂತ್ರಜ್ಞೆ ನಫೀಸಾ ಡ್ರಾಪರ್ ಕೊಟ್ಟಳು.

ಹೆಂಡತಿ ನೀಲವ್ವ ಗೋಡೆಯ ಕ್ಯಾಲೆಂಡರ್ ನೋಡಿದರು. "ಶುಕ್ರವಾರ. ಈಗಷ್ಟ ರಾಹುಕಾಲ ಹತ್ತೇತಿ. ಮುಗೀಲಿ ತಡಿ."

"ಜೀವಕೋಶಕ್ಕ ರಾಹುಕಾಲ ತಿಳಿಯಂಗಿಲ್ರೀ."

"ನನಗ ತಿಳೀತೈತಲ್ಲ."

ರಾಹುಕಾಲ ಕಳೆದ ಮೇಲೆ ನೀಲವ್ವ ದೇವರನ್ನು ನೆನೆದು ಹನಿ ಹಾಕಿದರು.

ಮುಂದಿನ ವಾರ ದಂಪತಿ ಬಂದಾಗ ಅಕ್ಕಪಕ್ಕದ ತಟ್ಟೆಗಳಲ್ಲಿ ಬೇರೆಯವರ ಹೃದಯದ ಕೋಶಗಳು ಮಿಡಿಯುತ್ತಿದ್ದವು. ಚನ್ನವೀರಪ್ಪನವರ ತಟ್ಟೆ ಸುಮ್ಮನಿತ್ತು.

"ಔಷಧಿ ತಡಾ ಆತ್ರೀ. ಜೀವಕೋಶ ಹೃದಯ ಆಗೂದು ಬಿಟ್ಟು ಎಲುಬಾಗೂ ದಾರಿ ಹಿಡದಾವ," ಎಂದಳು ನಫೀಸಾ.

ಚನ್ನವೀರಪ್ಪ ಏದುಸಿರು ಬಿಡುತ್ತಲೇ ನಕ್ಕರು. "ಇರ್ಲಿ ಬಿಡವಾ. ಇಕಿ ಕೂಡ ಬಾಳೇ ಮಾಡಾಕ ಅದೂ ಬೇಕಾಗತೈತಿ."

"ಮತ್ತ ರಕ್ತ ಕೊಡ್ರಿ, ಇವತ್ತ ಸುರು ಮಾಡೂಣು. ಇನ್ನೂ ತಡಾ ಮಾಡಿದ್ರ ನಿಮ್ಮ ಹೃದಯ ತಡಕೊಳ್ಳಂಗಿಲ್ಲಂತ ಡಾಕ್ಟರ್ ಹೇಳ್ಯಾರ."

ಚನ್ನವೀರಪ್ಪ ತಕ್ಷಣ ತೋಳು ಚಾಚಿದರು. ನೀಲವ್ವ ಗೋಡೆಯತ್ತ ನೋಡಿದರು. ಕ್ಯಾಲೆಂಡರ್ ಇದ್ದಲ್ಲಿ ಈಗ ಮೊಳೆ ಮಾತ್ರ ಇತ್ತು. ಕ್ಯಾಲೆಂಡರನ್ನು ನಫೀಸಾ ಬೆಳಿಗ್ಗೆಯೇ ತೆಗೆದಿಟ್ಟಿದ್ದಳು.

ನೀಲವ್ವ ಕೈಚೀಲದಿಂದ ತಮ್ಮ ಪಂಚಾಂಗ ತೆಗೆದು, ಕನ್ನಡಕ ಹುಡುಕತೊಡಗಿದರು. ಚನ್ನವೀರಪ್ಪ ಚಾಚಿದ ತೋಳನ್ನು ಮಡಚದೆ ಕಾಯುತ್ತ ಕುಳಿತರು.